ನೌಕರಿ ಬಿಟ್ಟು ಫ್ರೀಲಾನ್ಸ್‌ ಮಾಡಲಾ? ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಖಾಸಗಿ ಕಚೇರಿಯಲ್ಲಿ ಒಂಬತ್ತು ವರ್ಷ ಮೂರು ತಿಂಗಳು ದುಡಿದೆ. ಈಗ ಆರು ವರ್ಷದಿಂದ ಮನೆಯಲ್ಲೇ ಅನುವಾದ, ಡಿಟಿಪಿ, ಲೇಬಲ್ ಡಿಸೈನ್ ಮಾಡುತ್ತಿದ್ದೇನೆ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ, "ಅಕ್ಕಾ, ನಾನೂ ಬಿಡ್ಲೇನ್ರೀ?" ಅಂತ ಕೇಳುತ್ತಾರೆ. ಹೆಚ್ಚುಕಮ್ಮಿ ಎಲ್ಲರೂ ಕೇಳುವುದು ಇವೇ ಪ್ರಶ್ನೆಗಳನ್ನು.

ಫ್ರೀಲಾನ್ಸ್ ಅಂದರೆ ಖರೇ ಏನು?

ಒಬ್ಬ ಸಾಹೇಬರ ಬದಲು ಹತ್ತು ಗಿರಾಕಿಗಳು. ಪಗಾರ ಇಲ್ಲ, ಬಿಲ್ಲು ಇದೆ. ಅಂಗಡಿ ಇಲ್ಲ ಅನ್ನೋದು ಬಿಟ್ಟರೆ ಇದೂ ಒಂದು ಅಂಗಡಿಯೇ.

ಇದು ನನ್ನಿಂದ ಆಗುತ್ತೋ ಇಲ್ಲವೋ ಹೇಗೆ ಗೊತ್ತಾಗುತ್ತೆ?

ಧೈರ್ಯ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಅದನ್ನು ಕೇಳುವುದಿಲ್ಲ. ಒಂದೇ ಮಾತು ಕೇಳುತ್ತೇನೆ: ಒಮ್ಮೆ ದುಡ್ಡು ಕೊಟ್ಟವರು ಎರಡನೇ ಸಲ ಬಂದಿದ್ದಾರಾ?

ಮೊದಲ ಸಲ ಯಾರಾದರೂ ಬರುತ್ತಾರೆ. ಗುರುತಿನವರು, ಕಾಕಾನ ಮಗ, ಹಳೆಯ ಕಚೇರಿಯ ಸ್ನೇಹಿತರು. ಅದು ಮುಲಾಜು. ಎರಡನೇ ಸಲ ಬಂದರೆ ಮಾತ್ರ ವ್ಯಾಪಾರ.

ನನ್ನದೇ ಹೇಳುತ್ತೇನೆ. ಇನ್ನೂ ನೌಕರಿಯಲ್ಲಿದ್ದೆ. ನಂದೂರು ಕೈಗಾರಿಕಾ ಪ್ರದೇಶದಲ್ಲಿ ದಾಲ್‌ಮಿಲ್ ಇದ್ದ ಒಬ್ಬರು ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್‌ಗೆ ಲೇಬಲ್ ಬೇಕು ಅಂದರು. ನಾನು 5,000 ಅಂದೆ. ಅವರು ನಕ್ಕರು. ಕೊನೆಗೆ 3,500ಕ್ಕೆ ಒಪ್ಪಂದ ಆಯಿತು. ಎರಡು ರಾತ್ರಿ ಕೂತು ಮಾಡಿದೆ. ತೂಕ, ಎಂಆರ್‌ಪಿ, ಆಹಾರ ಪರವಾನಗಿಯ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲಿ ಎಷ್ಟು ದೊಡ್ಡದಾಗಿ ಬರಬೇಕು ಅಂತ ಹುಡುಕಿ ಓದಿದೆ. ಕೊಡಲು ಹೋದಾಗ ಮಿಲ್ ಮಾಲೀಕರು ಲೇಬಲ್ ಓದಲೇ ಇಲ್ಲ. ಕಣ್ಣಿಂದ ಒಂದು ತೋಳು ದೂರ ಹಿಡಿದು, "ಅಂಗಡಿ ಕಪಾಟಿನ ಮ್ಯಾಲಿಟ್ರ ಕಾಣ್ತದೇನು?" ಅಂದರು. ಕಂಡಿತು. ರೊಕ್ಕದ ಜೊತೆ ಎರಡು ಕೆಜಿ ಬೇಳೆ ಕಟ್ಟಿಕೊಟ್ಟರು. ನನಗೆ ಖುಷಿ ಆಯಿತು, ಆದರೆ ಅವತ್ತು ನಾನು ಏನೂ ನಿರ್ಧಾರ ಮಾಡಲಿಲ್ಲ.

ಮೂರು ವಾರದ ಮೇಲೆ ಅವರೇ ಫೋನ್ ಮಾಡಿದರು. "ಹೈದರಾಬಾದ್‌ಗೆ ಮಾಲ್ ಕಳಸ್ಲತ್ತೀನಿ. ತೆಲುಗಿನ್ಯಾಗ, ಹಿಂದಿಯಾಗ ಬೇಕಾಗ್ಯದ. ಎಷ್ಟ್ ತಗೋತಿ?" ಈ ಸಲ ಚೌಕಾಸಿ ಇಲ್ಲ. ನಾನು ಕ್ಯಾಲೆಂಡರ್ ತೆಗೆದು ರಾಜೀನಾಮೆಯ ತಿಂಗಳು ಲೆಕ್ಕ ಹಾಕಿದ್ದು ಅವತ್ತು.

ಇಂಥ ಮೂವರು ಇದ್ದಾರೆಯೇ? ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂವರು, ಎರಡೆರಡು ಸಲ ಬಂದವರು? ಹಾಗಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ನೌಕರಿಯಲ್ಲೇ ಇದ್ದು ಇನ್ನಷ್ಟು ದಿನ ನೋಡಿ.

ನೌಕರಿಯಲ್ಲಿ ಇದ್ದುಕೊಂಡೇ ಶುರು ಮಾಡಬಹುದಾ?

ಮಾಡಬಹುದು, ಆದರೆ ಮೊದಲು ನೇಮಕಾತಿ ಪತ್ರ ತೆಗೆದು ಓದಿ. "ಬೇರೆ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ" ಅನ್ನುವ ಸಾಲು ಬಹಳ ಕಡೆ ಇರುತ್ತದೆ. ಇದ್ದರೆ ಲಿಖಿತ ಅನುಮತಿ ಕೇಳಿ. ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ಗಿರಾಕಿ, ಕಚೇರಿಯ ಸಮಯ, ಈ ಮೂರಕ್ಕೂ ಕೈ ಹಾಕಬೇಡಿ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳೇ ಇವೆ. ಅನುಮತಿ ಇಲ್ಲದೆ ಖಾಸಗಿ ವ್ಯವಹಾರ ಮಾಡುವ ಹಾಗಿಲ್ಲ. ಹೆಂಡತಿ ಹೆಸರಲ್ಲಿ ಬಿಲ್ ಹಾಕುವ ಉಪಾಯ ನನ್ನ ಹತ್ತಿರ ಕೇಳಬೇಡಿ.

ಈಗ ಕೈಗೆ 28,000 ಬರುತ್ತೆ. ಫ್ರೀಲಾನ್ಸ್‌ನಲ್ಲಿ ಎಷ್ಟು ಬಂದರೆ ಸಮ?

28,000 ಬಂದರೆ ಸಮ ಅಲ್ಲ. ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ. ಒಂದು ಹಾಳೆ ತಗೊಳ್ಳಿ.

ಪಿಎಫ್‌ಗೆ ನಿಮ್ಮ ಪಾಲು 1,800, ಕಂಪನಿ ಪಾಲು 1,800 ಹೋಗುತ್ತಿದೆ ಅನ್ನೋಣ. ಅದು 3,600. ಇನ್ನು ಮುಂದೆ ಆ ಉಳಿತಾಯ ನೀವೇ ಮಾಡಬೇಕು. ಆರೋಗ್ಯ ವಿಮೆಗೆ ತಿಂಗಳಿಗೆ 1,500 ಹಿಡಿಯಿರಿ. ಲ್ಯಾಪ್‌ಟಾಪ್ 60,000, ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 1,250. ಇನ್ವರ್ಟರ್ ಬ್ಯಾಟರಿ, ಹೆಚ್ಚುವರಿ ಕರೆಂಟ್ 900. ಎರಡು ಇಂಟರ್ನೆಟ್ 1,000. ಸಾಫ್ಟ್‌ವೇರ್ 800. ಲೆಕ್ಕಿಗರ ಫೀಸು 500. ಎಲ್ಲ ಕೂಡಿಸಿದರೆ 37,550.

ಇನ್ನೂ ಮುಗಿದಿಲ್ಲ. ನೌಕರಿಯಲ್ಲಿ ಜ್ವರ ಬಂದರೂ ಪಗಾರ ಬರುತ್ತಿತ್ತು, ದೀಪಾವಳಿಗೂ ಬರುತ್ತಿತ್ತು. ಈಗ ವರ್ಷದಲ್ಲಿ ಒಂದು ತಿಂಗಳು ರಜೆ, ಕಾಯಿಲೆ, ಮದುವೆ, ಜಾತ್ರೆಗೆ ಹೋಗುತ್ತದೆ. ಹನ್ನೆರಡು ತಿಂಗಳದ್ದನ್ನು ಹನ್ನೊಂದರಲ್ಲಿ ದುಡಿಯಬೇಕು. ಅಲ್ಲಿಗೆ ಸುಮಾರು 41,000.

ಈಗ ದಿನದ ರೇಟು. ತಿಂಗಳಿಗೆ 22 ದಿನ ಕೆಲಸ ಮಾಡುತ್ತೀರಿ ಅಂದುಕೊಳ್ಳಿ. ಅಷ್ಟೂ ದಿನಕ್ಕೆ ದುಡ್ಡು ಬರುವುದಿಲ್ಲ. ಕೊಟೇಶನ್ ಬರೆಯುವುದು, ಬಾಕಿ ಕೇಳುವುದು, "ಸ್ವಲ್ಪ ಬಣ್ಣ ಬದಲಿಸ್ರಿ" ಅನ್ನುವವರ ತಿದ್ದುಪಡಿ ಮಾಡುವುದು, ಇದರಲ್ಲೇ ಎಂಟು ದಿನ ಹೋಗುತ್ತದೆ. ಉಳಿದದ್ದು 14 ದಿನ. 41,000ವನ್ನು 14ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 2,930 ರೂಪಾಯಿ. ನಿಮ್ಮ ಕೆಲಸಕ್ಕೆ ದಿನಕ್ಕೆ ಇಷ್ಟು ಕೊಡುವವರು ಇದ್ದಾರಾ? ಈ ಒಂದು ಅಂಕಿ ಕೈಯಲ್ಲಿದ್ದರೆ ಚೌಕಾಸಿ ಮಾಡುವಾಗ ನಾಲಿಗೆ ತಡವರಿಸುವುದಿಲ್ಲ.

ಎಷ್ಟು ರೊಕ್ಕ ಕೈಯಲ್ಲಿ ಇಟ್ಟುಕೊಂಡು ಬಿಡಬೇಕು?

ಆರು ತಿಂಗಳ ಮನೆ ಖರ್ಚು. ಪಗಾರ ಅಲ್ಲ, ಖರ್ಚು. ಕಿರಾಣಿ, ಬಾಡಿಗೆ, ಶಾಲೆ ಫೀಸು, ಇಎಂಐ, ಊರಿಗೆ ಕಳಿಸುವುದು. ಇಎಂಐ ದೊಡ್ಡದಿದ್ದರೆ ಒಂಬತ್ತು ತಿಂಗಳದ್ದು ಇರಲಿ. ಯಾಕೆ ಇಷ್ಟು ಅಂದರೆ, ಮೊದಲ ತಿಂಗಳು ಮಾಡಿದ ಕೆಲಸದ ದುಡ್ಡು ಮೂರನೇ ತಿಂಗಳಿಗೆ ಬರುವುದು ಮಾಮೂಲು. ಊರ ವ್ಯಾಪಾರಿಗಳ ಬಾಯಲ್ಲಿ "ತೊಗರಿ ಬಂದ ಮ್ಯಾಲ ಕೊಡ್ತೀನಿ" ಅನ್ನುವ ಮಾತು ಸದಾ ಇರುತ್ತದೆ. ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ನೀವು ಜುಲೈನಲ್ಲಿ ನೌಕರಿ ಬಿಟ್ಟರೆ ಲೆಕ್ಕ ಹಾಕಿಕೊಳ್ಳಿ.

ಬಂಗಾರ ಅಡವಿಟ್ಟು ಶುರು ಮಾಡಬೇಡಿ.

ಬಿಡುವ ಮೊದಲು ಏನೇನು ಮುಗಿಸಿಕೊಳ್ಳಬೇಕು?

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪಿಎಫ್ ಜೊತೆ ಇರುವ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಸಿಗಬೇಕಾದರೆ 10 ವರ್ಷ ಸೇವೆ ಆಗಿರಬೇಕು. ನಾನು ಒಂಬತ್ತು ವರ್ಷ ಮೂರು ತಿಂಗಳಿಗೆ ಎದ್ದು ಬಂದೆ. ಇನ್ನು ಕೆಲವೇ ತಿಂಗಳು ಹಲ್ಲು ಕಚ್ಚಿ ಕೂತಿದ್ದರೆ ಆಗುತ್ತಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಿಂಚಣಿ ದೊಡ್ಡ ಮೊತ್ತವೇನಲ್ಲ. ಆದರೂ ಪಾಸ್‌ಬುಕ್ ತೆಗೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗ್ರಾಚುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಅದರದ್ದೂ ಇದೇ ಕತೆ. ಕಾಯಂ ನೌಕರರಿಗೆ ಐದು ವರ್ಷ ತುಂಬಿರಬೇಕು. ತುಂಬಿದ್ದರೆ ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿ. ಅಷ್ಟು ಬರುತ್ತದೆ. ನಾಲ್ಕೂವರೆ ವರ್ಷಕ್ಕೆ ಸಿಟ್ಟು ಮಾಡಿಕೊಂಡು ಬಿಡುವವರನ್ನು ಕಂಡರೆ ನನಗೆ ಸಂಕಟ.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ನಿಂತುಹೋಗುತ್ತದೆ. ಸ್ವಂತ ಪಾಲಿಸಿಯನ್ನು ನೌಕರಿಯಲ್ಲಿ ಇರುವಾಗಲೇ ತಗೊಳ್ಳಿ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಮೊದಲೇ ಇದ್ದ ಶುಗರ್, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆ ಗಡಿಯಾರ ಬೇಗ ಶುರುವಾದಷ್ಟೂ ಒಳ್ಳೆಯದು. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟಾದರೂ ಹಗುರ.

ಮನೆ ಸಾಲದ ಯೋಚನೆ ಇದ್ದರೆ ಇದೂ ತಿಳಿದಿರಲಿ: ಸ್ವಂತ ಉದ್ಯೋಗದವರಿಗೆ ಬ್ಯಾಂಕಿನವರು ಎರಡು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ.

ಕಲಬುರಗಿಯಲ್ಲಿ ಕೂತು ಕೆಲಸ ಸಿಗುತ್ತಾ? ಬೆಂಗಳೂರಿಗೆ ಹೋಗಬೇಕಲ್ವಾ?

ಹೋಗಬೇಕಿಲ್ಲ. ನಮ್ಮ ಕೈಯಲ್ಲಿ ಏನಿದೆ ಅಂತ ನಮಗೇ ಗೊತ್ತಿಲ್ಲ. ಸೇಡಂ, ಚಿಂಚೋಳಿ ಕಡೆಯವರು ತೆಲುಗು ಆಡುತ್ತಾ ಬೆಳೆಯುತ್ತಾರೆ. ಆಳಂದದ ಕಡೆ ಮರಾಠಿ. ಊರ ಓಣಿಗಳಲ್ಲಿ ದಖ್ಖನಿ. ಟಿವಿಯ ಹಿಂದಿ, ಶಾಲೆಯ ಕನ್ನಡ. ಒಬ್ಬರಿಗೇ ನಾಲ್ಕು ಭಾಷೆ ಬರುವುದು ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಅನುವಾದ, ಸಬ್‌ಟೈಟಲ್, ಡಬ್ಬಿಂಗ್, ಧ್ವನಿ ರೆಕಾರ್ಡಿಂಗ್, ಫೋನ್ ಸಮೀಕ್ಷೆ, ಎಲ್ಲದರಲ್ಲೂ ಇದೇ ಬಂಡವಾಳ. ನನ್ನ ಅರ್ಧ ಆದಾಯ ಬರುವುದು ಕನ್ನಡ, ತೆಲುಗು ಎರಡೂ ಓದಬಲ್ಲೆ ಅನ್ನುವ ಕಾರಣಕ್ಕೆ.

ಹೈದರಾಬಾದ್ ನಮಗೆ ಇನ್ನೂರ ಚಿಲ್ಲರೆ ಕಿಲೋಮೀಟರ್. ಬೆಂಗಳೂರು ಅದರ ಎರಡೂವರೆ ಪಟ್ಟು. ಬೆಳಗ್ಗೆ ಹೊರಟು ಗಿರಾಕಿಯನ್ನು ಕಂಡು ರಾತ್ರಿ ಮನೆಗೆ ಬರಬಹುದಾದ ದೊಡ್ಡ ಊರು ಹೈದರಾಬಾದೇ. ಆದರೂ ನಮ್ಮವರ ಮುಖ ಬೆಂಗಳೂರಿನ ಕಡೆಗೇ.

ಊರೊಳಗಿನ ಕೆಲಸವೂ ಕಡಿಮೆಯಿಲ್ಲ. ನೆಹರು ಗಂಜ್‌ನ ಅಡತಿ ಅಂಗಡಿಗಳಿಗೆ ಟ್ಯಾಲಿ ಲೆಕ್ಕ, ಮನೆ ಕಟ್ಟಿಸುವವರಿಗೆ ಪ್ಲ್ಯಾನ್ ಡ್ರಾಯಿಂಗ್, ಮದುವೆ ವಿಡಿಯೊ ಎಡಿಟಿಂಗ್, ಕಾಲೇಜು ಸ್ಮರಣ ಸಂಚಿಕೆಗಳ ಪುಟವಿನ್ಯಾಸ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಸ್ವಂತ ಹೆಸರಲ್ಲಿ ಪ್ಯಾಕೆಟ್ ಮಾಡುವ ಆಸೆ ಆಮೇಲೆ ಮಿಲ್ಲಿನವರಲ್ಲಿ ಹೆಚ್ಚಾದದ್ದನ್ನು ನಾನೇ ನೋಡಿದ್ದೇನೆ. ಊರ ಕೆಲಸದಲ್ಲಿ ರೇಟು ಕಡಿಮೆ, ಉದ್ರಿ ಜಾಸ್ತಿ. ಆದರೆ ಎದುರಿಗೆ ಹೋಗಿ ಕೂತು ವಸೂಲಿ ಮಾಡಬಹುದು. ಹೊರಗಿನ ಕೆಲಸದಲ್ಲಿ ರೇಟು ಪರವಾಗಿಲ್ಲ, ಮುಖ ಕಾಣುವುದಿಲ್ಲ. ಎರಡೂ ಇರಲಿ.

ಮದುವೆ ವಿಡಿಯೊ ಮಾಡುವವರಿಗೆ ಒಂದು ಮಾತು: ಆಷಾಢದಲ್ಲಿ ಕೈ ಖಾಲಿ ಇರುತ್ತದೆ. ಅದು ಪ್ರತಿ ವರ್ಷವೂ ಬರುತ್ತದೆ, ಆದರೂ ಪ್ರತಿ ವರ್ಷ ಗಾಬರಿಯಾಗುವವರಿದ್ದಾರೆ.

ಗಿರಾಕಿ ದುಡ್ಡು ಕೊಡದೇ ಹೋದರೆ?

ಒಬ್ಬರಾದರೂ ಹೋಗುತ್ತಾರೆ. ನನಗೆ ಎರಡನೇ ವರ್ಷ ಆಯಿತು. ಬೇರೆ ಊರಿನ ಒಂದು ಏಜೆನ್ಸಿ, 18,000 ಪದ, ಪದಕ್ಕೆ 1 ರೂಪಾಯಿ 20 ಪೈಸೆ. ಒಟ್ಟು 21,600. ಹನ್ನೊಂದು ದಿನ ಹಗಲು ರಾತ್ರಿ ಮಾಡಿ ಒಂದೇ ಸಲಕ್ಕೆ ಕಳಿಸಿಬಿಟ್ಟೆ. "ಬಹಳ ಚೆನ್ನಾಗಿದೆ" ಅಂತ ಉತ್ತರ ಬಂತು. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಅವರ ಫೋಟೊ ಮಾಯ. ನನ್ನ ಹತ್ತಿರ ಇದ್ದದ್ದು ಒಂದು ಧ್ವನಿ ಸಂದೇಶ ಮಾತ್ರ. ಆ 21,600 ಇವತ್ತಿಗೂ ಬಂದಿಲ್ಲ.

ಆಮೇಲೆ ಪದ್ಧತಿ ಬದಲಿಸಿದೆ. ಹೊಸಬರಾದರೆ ಶೇ 40 ಮುಂಗಡ, ಇಲ್ಲದಿದ್ದರೆ ಕಡತ ತೆರೆಯುವುದಿಲ್ಲ. ದೊಡ್ಡ ಕೆಲಸ ಮೂರು ಕಂತಿನಲ್ಲಿ ಹೋಗುತ್ತದೆ, ಹಿಂದಿನ ಕಂತಿನ ದುಡ್ಡು ಬಂದ ಮೇಲೆ ಮುಂದಿನದು. ಎಷ್ಟು, ಯಾವಾಗ, ಎಷ್ಟು ಸಲ ತಿದ್ದುಪಡಿ ಅನ್ನುವುದನ್ನು ಇಮೇಲ್‌ನಲ್ಲಿ ನಾಲ್ಕು ಸಾಲು ಬರೆದು "ಸರಿ" ಅನ್ನಿಸಿಕೊಳ್ಳುತ್ತೇನೆ. ಮುಂಗಡ ಕೇಳಿದರೆ ಗಿರಾಕಿ ಓಡಿಹೋಗುತ್ತಾನೆ ಅಂತ ಹೆದರುತ್ತೀರಿ. ಅದಕ್ಕೆ ಓಡಿಹೋಗುವವನು ಕೊನೆಗೂ ಓಡಿಯೇ ಹೋಗುತ್ತಿದ್ದ.

ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ಅಂಗಡಿಗೆ ಹೋಗಬೇಡಿ. ಕೆಲಸ ಹಿಡಿಯುವ ಮೊದಲೇ ನೋಂದಣಿ ಇದ್ದರೆ, ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನು ಇದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಇದಕ್ಕೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನನ್ನ ಮಟ್ಟಿಗೆ ದೂರಿನ ತನಕ ಹೋಗಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಬರೆದ ಮೇಲೆ ಕಂಪನಿಗಳ ಲೆಕ್ಕದ ವಿಭಾಗದವರು ತಾವಾಗಿಯೇ ಬೇಗ ಕೊಡುತ್ತಾರೆ.

ಫೈವರ್, ಅಪ್‌ವರ್ಕ್ ನಂಬಿ ಬಿಡಬಹುದಾ?

ಬೇಡ. ಆನ್‌ಲೈನ್‌ನಲ್ಲಿ ಕೆಲಸ ಕೊಡಿಸುವ ಆ ತಾಣಗಳಲ್ಲಿ ಖಾತೆ ಇರಲಿ, ಅದನ್ನೇ ನಂಬಿ ಕೂರಬೇಡಿ. ಫೈವರ್ ಪ್ರತಿ ಕೆಲಸದಲ್ಲೂ ಶೇ 20 ಹಿಡಿಯುತ್ತದೆ. ನೂರು ಡಾಲರ್ ಕೆಲಸಕ್ಕೆ ಎಂಬತ್ತು, ಮೇಲೆ ಹಣ ವರ್ಗಾವಣೆಯ ಖರ್ಚು. ಕೆಲಸ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವವರು ಟೆಲಿಗ್ರಾಂ ತುಂಬ ಇದ್ದಾರೆ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ.

ತೆರಿಗೆ, ಜಿಎಸ್‌ಟಿ ತಲೆನೋವು ಎಷ್ಟಿದೆ?

ಅಂದುಕೊಂಡಷ್ಟು ಇಲ್ಲ. ಸೇವೆ ಕೊಡುವವರು ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. 2025-26ರ ಲೆಕ್ಕದಲ್ಲಿ ಹೊಸ ತೆರಿಗೆ ಪದ್ಧತಿ ಹಿಡಿದರೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಪಗಾರದವರಿಗೆ ಸಿಗುವ 75,000ದ ಕಡಿತ ಮಾತ್ರ ನಮಗಿಲ್ಲ. ಎಂಜಿನಿಯರ್, ವಕೀಲರು, ಆರ್ಕಿಟೆಕ್ಟ್, ಇಂಟೀರಿಯರ್ ಡೆಕೊರೇಷನ್‌ನಂಥ ಕೆಲವು ವೃತ್ತಿಗಳಿಗೆ, ಬಂದದ್ದರಲ್ಲಿ ಅರ್ಧವನ್ನು ಲಾಭ ಅಂತ ತೋರಿಸಿ ಪುಸ್ತಕ ಇಡದೇ ಮುಗಿಸುವ ಅವಕಾಶವಿದೆ. ಲೆಕ್ಕಿಗರ ಬಾಯಲ್ಲಿ ಅದು "ನಲವತ್ನಾಲ್ಕು ಎಡಿಎ", 1961ರ ಆದಾಯ ತೆರಿಗೆ ಕಾಯ್ದೆಯ ಕಲಮಿನ ಹೆಸರು. ನಿಮ್ಮ ಕೆಲಸ ಆ ಪಟ್ಟಿಗೆ ಸೇರುತ್ತದೆಯೇ ಅಂತ ಸಿಎ ಹತ್ತಿರ ಒಮ್ಮೆ ಕೂತು ಕೇಳಿ.

ಕಂಪನಿಗಳು ನಿಮ್ಮ ಬಿಲ್ಲಿನಲ್ಲಿ ಟಿಡಿಎಸ್ ಅಂತ ತೆರಿಗೆಯನ್ನು ಮೊದಲೇ ಹಿಡಿಯುತ್ತವೆ. ವೃತ್ತಿಪರ ಸೇವೆಗೆ ಶೇ 10. ಅದು ಹೋದ ದುಡ್ಡಲ್ಲ. ತೆರಿಗೆ ಬೀಳದಿದ್ದರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಬೇಕು. ಮೊದಲ ವರ್ಷ ನಾನು ಅದನ್ನು ಮರೆತೇ ಬಿಟ್ಟಿದ್ದೆ, ಸಿಎ ಬೈದರು.

ಕೆಲಸದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿ. ಅದರಿಂದ ಪ್ರತಿ ತಿಂಗಳು ಒಂದನೇ ತಾರೀಖು ಮನೆ ಖಾತೆಗೆ ನೀವೇ ಪಗಾರ ಹಾಕಿಕೊಳ್ಳಿ. ಒಳ್ಳೆಯ ತಿಂಗಳು 70,000 ಬಂದರೂ ಮನೆಗೆ ಅಷ್ಟೇ, ಕೆಟ್ಟ ತಿಂಗಳು 15,000 ಬಂದರೂ ಅಷ್ಟೇ.

ಬೇಸಿಗೆಯಲ್ಲಿ ಮನೆಯಲ್ಲಿ ಕೂತು ಕೆಲಸ ಆಗುತ್ತಾ?

42 ಡಿಗ್ರಿಯಲ್ಲಿ ಮಧ್ಯಾಹ್ನ ಯಾರ ತಲೆಯೂ ಓಡುವುದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತವೆ. ನಾನು ಐದಕ್ಕೆ ಕೂತು ಹತ್ತೂವರೆಗೆ ಮುಗಿಸುತ್ತೇನೆ. ಉಳಿದದ್ದು ರಾತ್ರಿ. ಕೂಲರ್‌ನ ಸದ್ದಿಗೆ ಗಿರಾಕಿಯ ಫೋನ್ ಕೇಳುವುದಿಲ್ಲ, ಅದಕ್ಕೇ ಮಧ್ಯಾಹ್ನದ ಕರೆ ಒಪ್ಪುವುದಿಲ್ಲ. ಇನ್ವರ್ಟರ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ. ಫೈಬರ್ ಹೋದರೆ ಫೋನಿನ ಇಂಟರ್ನೆಟ್ ಇರಲಿ, ಅದು ಬೇರೆ ಕಂಪನಿಯದಾಗಿರಲಿ.

ಮನೆಯವರನ್ನು ಹೇಗೆ ಒಪ್ಪಿಸಬೇಕು?

ಭಾಷಣದಿಂದ ಆಗುವುದಿಲ್ಲ. ಅಪ್ಪಾಜಿ ನನ್ನನ್ನು ಮೂರು ತಿಂಗಳು ಮಾತಾಡಿಸಲಿಲ್ಲ. "ನೌಕ್ರಿ ಬಿಟ್ಟು ಮನ್ಯಾಗ ಕುಂತಾಳ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ನಾಲ್ಕನೇ ತಿಂಗಳು ಅವರ ಕಣ್ಣಿನ ಆಪರೇಷನ್ ಬಿಲ್ ನಾನು ಕಟ್ಟಿದೆ. ಆ ಮಾತು ನಿಂತಿತು. ಹೊಗಳಿಕೆಯೇನೂ ಬರಲಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟ. ಮನೆಯಲ್ಲಿ ಇರುವವಳು ಅಂದರೆ ಬಿಡುವಾಗಿ ಇರುವವಳು ಅಂತಲೇ ಲೆಕ್ಕ. "ಅಕ್ಕಾ, ಹ್ಯಾಂಗೂ ಮನ್ಯಾಗೇ ಇರ್ತೀರಲ್ಲ, ನಮ್ಮ ಸಿಲಿಂಡರ್ ಬಂದ್ರ ತಗೋರಿ." ಒಂದು ಓಣಿಯ ಮೂರು ಮನೆಯ ಸಿಲಿಂಡರ್ ನಾನು ಇಳಿಸಿಕೊಂಡಿದ್ದೇನೆ. ಈಗ ಹನ್ನೊಂದರ ತನಕ ಬಾಗಿಲಿಗೆ ಚಿಲಕ. ಅತ್ತೆಗೆ ಮೊದಮೊದಲು ಮುನಿಸು. ಈಗ ಬೆಲ್ ಹೊಡೆದವರಿಗೆ "ಆಫೀಸಿನ್ಯಾಗ ಅದಾಳ, ಆಮ್ಯಾಲ ಬರ್ರಿ" ಅಂತ ಅವರೇ ಹೇಳುತ್ತಾರೆ.

ಮದುವೆ ಆಗದ ಹುಡುಗರು ಹೆಣ್ಣು ಸಿಗುವ ಬಗ್ಗೆ ಕೇಳುತ್ತಾರೆ. ಖರೇ ಹೇಳಬೇಕೆಂದರೆ, ತೊಂದರೆ ಇದೆ. ಮೂರು ವರ್ಷದ ಐಟಿ ರಿಟರ್ನ್ ತೋರಿಸಿ ಹೆಣ್ಣು ಕೇಳಿದವರನ್ನೂ ನೋಡಿದ್ದೇನೆ. ಕೊಟ್ಟರು.

371ಜೆ ಇದೆ, ಸರ್ಕಾರಿ ನೌಕರಿಗೆ ಓದಬೇಕೋ ಇದಕ್ಕೆ ಇಳಿಯಬೇಕೋ?

ವಯಸ್ಸು ಕೈಯಲ್ಲಿದ್ದರೆ ಪರೀಕ್ಷೆ ಬಿಡಬೇಡಿ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಹುದ್ದೆಗಳಲ್ಲಿ ಸಿ ಗುಂಪಿಗೆ ಶೇ 80ರಷ್ಟು ಸ್ಥಳೀಯರಿಗೆ ಮೀಸಲು. ಇದು ಸಣ್ಣ ಅವಕಾಶವಲ್ಲ. ಫ್ರೀಲಾನ್ಸ್‌ಗೆ ವಯಸ್ಸಿನ ಮಿತಿ ಇಲ್ಲ, ಅದಕ್ಕೆ ಇದೆ. ಆದರೆ ಆರನೇ ವರ್ಷವೂ ಕೋಚಿಂಗ್ ಕ್ಲಾಸ್, ಕೈಯಲ್ಲಿ ಒಂದು ರೂಪಾಯಿ ಸಂಪಾದನೆ ಇಲ್ಲ ಅಂದರೆ, ದಿನಕ್ಕೆ ಎರಡು ಗಂಟೆಯ ಕೆಲಸ ಹಿಡಿಯಿರಿ. ಓದು ಕೆಡುವುದಿಲ್ಲ, ತಲೆ ಸ್ವಲ್ಪ ಹಗುರಾಗುತ್ತದೆ.

ಎಐ ಬಂದ ಮೇಲೆ ಇದೆಲ್ಲ ಉಳಿಯುತ್ತಾ?

ಸುಮ್ನೆ ಸಮಾಧಾನ ಹೇಳುವುದಿಲ್ಲ. ಸರಳ ಅನುವಾದದ ರೇಟು ಬಿದ್ದಿದೆ, ನನ್ನದೇ ಬಿದ್ದಿದೆ. ಯಂತ್ರ ಮಾಡಿದ್ದನ್ನು ತಿದ್ದುವ ಕೆಲಸ ಹೆಚ್ಚಾಗಿದೆ. ಒಮ್ಮೆ ಕೃಷಿ ಕರಪತ್ರದಲ್ಲಿ ತೊಗರಿಯ "ರಾಶಿ ಮಾಡುವುದು" ಅನ್ನುವುದನ್ನು ಯಂತ್ರ ಜಾತಕದ ರಾಶಿ ಮಾಡಿತ್ತು. ನಮ್ಮ ಕಡೆ ರಾಶಿ ಅಂದರೆ ಒಕ್ಕಣೆ ಅಂತ ಗೊತ್ತಿದ್ದವರಿಗೆ ಅದು ಕಣ್ಣಿಗೆ ಬೀಳುತ್ತದೆ. ಬರೀ ಟೈಪಿಂಗ್, ಬರೀ ಡೇಟಾ ಎಂಟ್ರಿ ನಂಬಿ ಮಾತ್ರ ಈಗ ನೌಕರಿ ಬಿಡಬೇಡಿ.

ಆಗದಿದ್ದರೆ ಮತ್ತೆ ನೌಕರಿಗೆ ಹೋಗಬಹುದಾ?

ಹೋಗಬಹುದು. ನಾಚಿಕೆ ಏನಿಲ್ಲ. ಮೊದಲೇ ಒಂದು ತಾರೀಖು ಬರೆದಿಡಿ: ಹತ್ತನೇ ತಿಂಗಳಿಗೆ ಇಷ್ಟು ಬರದಿದ್ದರೆ ಅರ್ಜಿ ಹಾಕುತ್ತೇನೆ ಅಂತ. ಕೂಡಿಟ್ಟದ್ದು ಪೂರ್ತಿ ಕರಗಿದ ಮೇಲೆ ಹುಡುಕಿದರೆ ಸಿಕ್ಕಿದ್ದಕ್ಕೆ ಒಪ್ಪಬೇಕಾಗುತ್ತದೆ. ಆ ಹಾಳೆಯನ್ನು ಮನೆಯವರಿಗೂ ತೋರಿಸಿ.

ರಾಜೀನಾಮೆ ಹೇಗೆ ಬರೆಯಬೇಕು?

ಮೂರೇ ಸಾಲು. ಇಂಥ ತಾರೀಖಿನಿಂದ ಬಿಡುತ್ತೇನೆ, ನೋಟಿಸ್ ಅವಧಿ ಪೂರ್ತಿ ಮಾಡುತ್ತೇನೆ, ಧನ್ಯವಾದ. ಒಂಬತ್ತು ವರ್ಷದ ಸಿಟ್ಟು ಅದರಲ್ಲಿ ಬರೆಯಬೇಡಿ. ನಾನು ಎರಡು ಪುಟ ಬರೆದು, ಹರಿದು, ಆಮೇಲೆ ಮೂರು ಸಾಲು ಬರೆದೆ. ಆ ಕಚೇರಿಯ ವಾರ್ಷಿಕ ವರದಿಯ ಪುಟವಿನ್ಯಾಸ ಈಗ ನನ್ನ ಹತ್ತಿರವೇ ಬರುತ್ತದೆ, ಇದು ಮೂರನೇ ವರ್ಷ. ಬಿಡುಗಡೆ ಪತ್ರ, ಅನುಭವ ಪತ್ರ, ಕೊನೆಯ ಮೂರು ಪಗಾರ ಚೀಟಿ ಕೈಗೆ ಬರುವ ತನಕ ಮಾಲ್ಪುರಿ ಹಂಚಬೇಡಿ.